ಪದಕದ ಹಿಂದಿದ್ದ ಮನೆ



ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಸ್ವಾತಂತ್ರ್ಯೋತ್ಸವದ ಭಾಷಣಕ್ಕೆ ಮಕ್ಕಳನ್ನು ತಯಾರು ಮಾಡಿ ಮುಗಿಸಿದ್ದೆ. ಎಲ್ಲರೂ ಚೀಲ ಹೆಗಲಿಗೇರಿಸಿಕೊಂಡು ಹೊರಟ ಮೇಲೂ ಆರನೇ ತರಗತಿಯ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿಯೇ ನಿಂತಿದ್ದಳು. ಏನೆಂದು ಕೇಳಿದೆ. ಸ್ವಲ್ಪ ಹೊತ್ತು ತಲೆವಸ್ತ್ರದ ಅಂಚನ್ನು ತಿರುಚುತ್ತಾ ನಿಂತು, ಮೆಲ್ಲಗೆ ಬಾಯಿ ಬಿಟ್ಟಳು: "ಟೀಚರ್, ನಮ್ಮವರೂ ಸೈನ್ಯದಲ್ಲಿ ಇದ್ದಾರಾ?"

ಬಸ್ಸಿನಲ್ಲಿ ಯಾರೋ ಅವಳನ್ನು ಹಾಗೆ ಕೇಳಿದ್ದರಂತೆ. ಅವಳಿಗೆ ಉತ್ತರ ತಿಳಿದಿರಲಿಲ್ಲ. ಮುಖ ಸಪ್ಪಗಾಗಿತ್ತು.

ನಾನು ತಡಮಾಡದೆ ಹೇಳಿದೆ: "ಇಲ್ಲದೇನು? ವೀರ ಅಬ್ದುಲ್ ಹಮೀದ್ ಎಂಬ ಹೆಸರು ಕೇಳಿದ್ದೀಯಾ? 1965ರ ಯುದ್ಧದಲ್ಲಿ ಒಂದು ಜೀಪಿನ ಮೇಲೆ ನಿಂತು ಶತ್ರುಗಳ ಟ್ಯಾಂಕುಗಳನ್ನು ಒಡೆದವರು. ಪರಮವೀರ ಚಕ್ರ ಸಿಕ್ಕಿದೆ." ಅವಳ ಮುಖ ಅರಳಿತು. ಹೆಸರನ್ನು ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು ಓಡಿಹೋದಳು. ನನಗೂ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಆ ಸಮಾಧಾನ ರಾತ್ರಿಯವರೆಗೂ ಉಳಿಯಲಿಲ್ಲ. ಊಟವಾದ ಮೇಲೆ ಉಮ್ಮನ ಬಳಿ ಈ ವಿಷಯ ಹೇಳಿದೆ. ಉಮ್ಮ ಶಾಲೆಗೆ ಹೋದವರಲ್ಲ. ತಸ್ಬೀಹ್ ಎಣಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಟ್ಯಾಂಕಿನ ಬಗ್ಗೆ ಏನನ್ನೂ ಕೇಳಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ಅವನಿಗೆ ಹೆಂಡತಿ ಮಕ್ಕಳಿದ್ದರಾ? ಆಮೇಲೆ ಅವರು ಏನಾದರು?"

ನನ್ನ ಬಳಿ ಉತ್ತರವಿರಲಿಲ್ಲ. ಬಿ.ಎ. ಓದಿದ್ದೇನೆ, ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಪ್ರತಿ ಆಗಸ್ಟಿನಲ್ಲಿ, ಪ್ರತಿ ಜನವರಿಯಲ್ಲಿ ಈ ಹೆಸರನ್ನು ವೇದಿಕೆಯಿಂದ ಹೇಳಿಸಿದ್ದೇನೆ. ಆದರೆ ಆ ಮನುಷ್ಯನಿಗೆ ಒಂದು ಮನೆಯಿತ್ತೇ, ಆ ಮನೆಯಲ್ಲಿ ಯಾರಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ. ಉಮ್ಮನಿಗೆ ಹೇಳಿದ್ದನ್ನೇ ಈ ತಿಂಗಳು ನಿಮಗೂ ಹೇಳುತ್ತಿದ್ದೇನೆ.

ಅಬ್ದುಲ್ ಹಮೀದ್ ಹುಟ್ಟಿದ್ದು 1933ರ ಜುಲೈ 1ರಂದು, ಉತ್ತರ ಪ್ರದೇಶದ ಗಾಝಿಪುರ ಜಿಲ್ಲೆಯ ಧಾಮುಪುರ ಎಂಬ ಹಳ್ಳಿಯಲ್ಲಿ. ತಂದೆ ಮುಹಮ್ಮದ್ ಉಸ್ಮಾನ್ ದರ್ಜಿ. ತಾಯಿ ಸಕೀನಾ ಬೇಗಂ. ಶ್ರೀಮಂತಿಕೆಯ ಮನೆಯಲ್ಲ. ಊರಿನವರ ಅಂಗಿ ಪೈಜಾಮ ಹೊಲಿದು ಬರುವ ಕೂಲಿಯಲ್ಲಿ ಒಲೆ ಉರಿಯಬೇಕು. ಹಮೀದ್ ಕೂಡ ತಂದೆಯ ಜೊತೆ ಕುಳಿತು ಹೊಲಿಗೆ ಕಲಿತರು. ಆದರೆ ಮನಸ್ಸು ಮಾತ್ರ ಕುಸ್ತಿಯ ಅಖಾಡದಲ್ಲಿ, ಲಾಠಿ ವರಸೆಯಲ್ಲಿ, ಈಜಿನಲ್ಲಿ ಇತ್ತು.

ಸಹೋದರಿಯರೇ, ದರ್ಜಿಯ ಮನೆ ಎಂದರೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಹಬ್ಬದ ಹಿಂದಿನ ರಾತ್ರಿ ಊರಿನ ಮಕ್ಕಳಿಗೆಲ್ಲ ಹೊಸ ಬಟ್ಟೆ ಸಿದ್ಧವಾಗಬೇಕು. ತನ್ನ ಮನೆಯ ಮಗುವಿನ ಅಂಗಿಗೆ ಗುಂಡಿ ಬೀಳುವುದು ಎಲ್ಲಕ್ಕಿಂತ ಕೊನೆಗೆ. ಇನ್ನೊಬ್ಬರ ಅಳತೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದು, ಇದ್ದ ಬಟ್ಟೆಯಲ್ಲೇ ಹೊಂದಿಸುವುದು ಆ ಕಸುಬು ಕಲಿಸುವ ಪಾಠ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1954ರ ಡಿಸೆಂಬರ್ 27ರಂದು, ತಮ್ಮ 21ನೇ ವಯಸ್ಸಿನಲ್ಲಿ ಹಮೀದ್ ಸೈನ್ಯಕ್ಕೆ ಸೇರಿದರು. ಗ್ರೆನೇಡಿಯರ್ಸ್ ರೆಜಿಮೆಂಟಿನಲ್ಲಿ ತರಬೇತಿ ಪಡೆದು ಅದರ ನಾಲ್ಕನೇ ಬೆಟಾಲಿಯನ್ನಿಗೆ ಬಂದರು. ಮುಂದಿನ ವರ್ಷಗಳಲ್ಲಿ ಆಗ್ರಾ, ಅಮೃತಸರ, ಜಮ್ಮು ಕಾಶ್ಮೀರ, ದೆಹಲಿ, ಈಶಾನ್ಯದ ಗಡಿ ಎಂದು ಬೆಟಾಲಿಯನ್ ಹೋದಲ್ಲೆಲ್ಲ ಹೋದರು. ಅವರ ಪತ್ನಿ ರಸೂಲನ್ ಬೀಬಿ. ನಾಲ್ಕು ಗಂಡು ಮಕ್ಕಳು, ಒಬ್ಬಳು ಮಗಳು. ಈ ಐದು ಮಕ್ಕಳ ಲಾಲನೆ ಪಾಲನೆ, ಅತ್ತೆ ಮಾವಂದಿರ ಆರೈಕೆ ಎಲ್ಲವೂ ಹಳ್ಳಿಯಲ್ಲಿದ್ದ ಹೆಂಗಸರ ಹೆಗಲ ಮೇಲೆ.

ಸೈನಿಕನ ಸಂಸಾರ ಎಂದರೆ ರಜೆಯಿಂದ ರಜೆಗೆ ಎಣಿಸುವ ಸಂಸಾರ. ಇದನ್ನು ನಮ್ಮ ಕರಾವಳಿಯ ಸಹೋದರಿಯರಿಗೆ ವಿವರಿಸಬೇಕಾಗಿಲ್ಲ. ಗಂಡ ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಬಂದ ಮೊದಲ ವಾರ ಮಗು ಅಪ್ಪನ ಹತ್ತಿರ ಹೋಗಲು ಹೆದರುತ್ತದೆ. ಅಪ್ಪನ ತೋಳಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಕಟ್ಟುವ ದಿನ ಬರುತ್ತದೆ. ಸೈನಿಕನ ಹೆಂಡತಿಗೆ ಇದರ ಜೊತೆಗೆ ಇನ್ನೊಂದು ಭಯ. ರೇಡಿಯೋದಲ್ಲಿ 'ಗಡಿ' ಎಂಬ ಪದ ಕೇಳಿಸಿದೊಡನೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ.

1962ರಲ್ಲಿ ಚೀನಾದೊಂದಿಗೆ ಯುದ್ಧವಾದಾಗ ಹಮೀದರ ಬೆಟಾಲಿಯನ್ ನಮ್ಕಾ ಚು ಎಂಬ ನದಿಯ ಕಣಿವೆಯಲ್ಲಿತ್ತು. ಆ ಯುದ್ಧದ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲಿಯೇ. ಸುತ್ತುವರಿಯಲ್ಪಟ್ಟ ಬೆಟಾಲಿಯನ್ ಬೆಟ್ಟಗಳ ನಡುವೆ ಕಾಲ್ನಡಿಗೆಯಲ್ಲಿ ಭೂತಾನದೊಳಗೆ ನುಸುಳಿ, ಅಲ್ಲಿಂದ ಅಸ್ಸಾಮಿನ ಮಿಸಾಮಾರಿಗೆ ಬಂದು ಸೇರಿತು. ಹಮೀದ್ ಆ ನಡಿಗೆಯಿಂದ ಜೀವಂತವಾಗಿ ಹಿಂದಿರುಗಿದರು. ಮೂರು ವರ್ಷಗಳ ನಂತರ ಬಂದ ಯುದ್ಧದಲ್ಲಿ ಜಗತ್ತು ಕಂಡದ್ದು ಹೊಸ ಹುಡುಗನನ್ನಲ್ಲ. ಸೋಲನ್ನು ನೋಡಿದ, ಸಂಗಡಿಗರನ್ನು ಕಳೆದುಕೊಂಡ, ಸಾವು ಹೇಗಿರುತ್ತದೆಂದು ಬಲ್ಲ ಹಳೆಯ ಯೋಧನನ್ನು. ಹೋದರೆ ಏನಾಗಬಹುದೆಂದು ಅವರಿಗೆ ಗೊತ್ತಿತ್ತು. ಆದರೂ ಹೋದರು.

1965ರಲ್ಲಿ ಹಮೀದ್ ರಜೆಯಲ್ಲಿ ಮನೆಗೆ ಬಂದಿದ್ದರು. ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ನುಸುಳುಕೋರರ ಹಾವಳಿ ಆರಂಭವಾಗಿ ಪರಿಸ್ಥಿತಿ ಬಿಗಡಾಯಿಸುತ್ತಿದ್ದ ಕಾಲ. ತಕ್ಷಣ ಮರಳಬೇಕೆಂದು ಕರೆ ಬಂತು. ಅಂದು ಮನೆಯಲ್ಲಿ ನಡೆದುದನ್ನು ಕುಟುಂಬದವರು ಮುಂದೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಹಾಸಿಗೆಯ ಸುರುಳಿ ಕಟ್ಟುವಾಗ ಹಗ್ಗ ಕಿತ್ತುಹೋಗಿ ಒಳಗಿದ್ದ ಸಾಮಾನೆಲ್ಲ ನೆಲದ ಮೇಲೆ ಚೆಲ್ಲಿತಂತೆ. ರಸೂಲನ್ ಬೀಬಿಯ ಎದೆ ಧಸಕ್ಕೆಂದಿತು. ಇಂದು ಹೋಗುವುದು ಬೇಡ ಎಂದು ಬೇಡಿಕೊಂಡರು. ಹಮೀದ್ ನಕ್ಕು ಮತ್ತೆ ಹಗ್ಗ ಬಿಗಿದರು. ನಿಲ್ದಾಣದ ದಾರಿಯಲ್ಲಿ ಸೈಕಲ್ಲಿನ ಚೈನೂ ಕಡಿಯಿತೆಂದು ಹೇಳುತ್ತಾರೆ. ಅದಕ್ಕೂ ಅವರು ಹಿಂದಿರುಗಲಿಲ್ಲ.

ಅಪಶಕುನ ಎಂಬುದಿಲ್ಲವೆಂದು ನಮ್ಮ ಪ್ರವಾದಿ(ಸ) ಕಲಿಸಿದ್ದಾರೆ. ಮದ್ರಸದಲ್ಲಿ ನಾನೇ ಮಕ್ಕಳಿಗೆ ಅದನ್ನು ಹೇಳಿಕೊಡುತ್ತೇನೆ. ಹಗ್ಗ ಹಳೆಯದಾದರೆ ಕಡಿಯುತ್ತದೆ, ಅಷ್ಟೆ. ಆದರೆ ಆ ದಿನ ರಸೂಲನ್ ಬೀಬಿ ಹೇಳಿದ್ದು ಶಕುನದ ಮಾತೆಂದು ನನಗನಿಸುವುದಿಲ್ಲ. ಐದು ಮಕ್ಕಳ ತಾಯಿ, ಗಂಡನನ್ನು ಒಂದು ದಿನವಾದರೂ ಹೆಚ್ಚು ನಿಲ್ಲಿಸಿಕೊಳ್ಳಲು ಕೈಗೆ ಸಿಕ್ಕಿದ ಕಾರಣವನ್ನು ಹಿಡಿದುಕೊಂಡರು. ನಾವಾಗಿದ್ದರೆ ಬೇರೇನು ಮಾಡುತ್ತಿದ್ದೆವು? ಆ ಹಗ್ಗವನ್ನು ಮತ್ತೆ ಕಟ್ಟಿದವರ ಧೈರ್ಯವನ್ನು ನಾವು ಹೊಗಳುತ್ತೇವೆ. ಬೇಡವೆನ್ನುತ್ತಲೇ ಹೋಗಲು ಬಿಟ್ಟವರ ಧೈರ್ಯವೂ ಅದಕ್ಕೆ ಕಡಿಮೆಯದಲ್ಲ.

ಇನ್ನು ಯುದ್ಧಭೂಮಿಯ ಮಾತು. ಇಲ್ಲಿ ಒಂದು ಸಂಗತಿ ನನಗೆ ಹೊಸದಾಗಿತ್ತು. ಹಮೀದರ ಹುದ್ದೆಯ ಪೂರ್ಣ ಹೆಸರು 'ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್'. ಹಾಗೆಂದರೆ ಏನು? ಒಂದು ಕಂಪನಿಯ ಸೈನಿಕರಿಗೆ ರೇಷನ್ ಬಂತೇ, ಕಂಬಳಿ ಸಾಕೇ, ಬೂಟು ಹರಿದವರು ಯಾರು, ಮದ್ದುಗುಂಡು ಎಷ್ಟಿದೆ ಎಂದು ಲೆಕ್ಕ ನೋಡಿ ಒದಗಿಸುವವನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಂಪನಿಯ ಮನೆವಾರ್ತೆ ನೋಡಿಕೊಳ್ಳುವವನು. ಅಡಿಗೆಮನೆಯ ಡಬ್ಬಿಯಲ್ಲಿ ಅಕ್ಕಿ ಎಷ್ಟು ದಿನಕ್ಕೆ ಬರುತ್ತದೆಂದು ನಾವು ನೋಡುತ್ತೇವಲ್ಲ, ಅದೇ ಕೆಲಸ. ದರ್ಜಿಯ ಮಗನಿಗೆ ಒಪ್ಪುವ ಹುದ್ದೆಯೇ.

ಆದರೆ ಅದಕ್ಕೂ ಮುಂಚೆ ಅವರು ಟ್ಯಾಂಕ್ ನಿರೋಧಕ ತುಕಡಿಯಲ್ಲಿ ವರ್ಷಗಳ ಕಾಲ ದುಡಿದಿದ್ದರು. 106 ಮಿಲಿಮೀಟರಿನ ರಿಕಾಯಿಲ್‌ಲೆಸ್ ಗನ್ ಎಂಬ ಉದ್ದ ನಳಿಗೆಯ ಫಿರಂಗಿಯಲ್ಲಿ ಗುರಿಯಿಡುವುದರಲ್ಲಿ ಬೆಟಾಲಿಯನ್ನಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯುದ್ಧ ಆರಂಭವಾದಾಗ ಆ ತುಕಡಿಯನ್ನು ನಡೆಸುವವರು ಬೇಕಾದರು. ಹೊಣೆ ಹಮೀದರಿಗೆ ಬಂತು. ಕಂಬಳಿ ಲೆಕ್ಕದವರು ಉಗ್ರಾಣದಿಂದ ಎದ್ದು ಬಂದು ಮತ್ತೆ ಫಿರಂಗಿಯ ಹಿಂದೆ ನಿಂತರು.

ಪಂಜಾಬಿನ ಖೇಮ್‌ಕರಣ್ ಎಂಬ ಗಡಿ ಪಟ್ಟಣದ ಬಳಿ, ಅಸಲ್ ಉತ್ತರ್ ಎಂಬ ಹಳ್ಳಿಯ ಆಸುಪಾಸಿನಲ್ಲಿ ಸೆಪ್ಟೆಂಬರ್ 8ರಿಂದ 10ರವರೆಗೆ ಆ ಕಾಳಗ ನಡೆಯಿತು. ಎದುರಿಗೆ ಬಂದದ್ದು ಅಮೆರಿಕದಲ್ಲಿ ತಯಾರಾದ ಪ್ಯಾಟನ್ ಟ್ಯಾಂಕುಗಳು. ಒಂದೊಂದೂ ನಲವತ್ತು ಟನ್ನಿಗಿಂತ ಹೆಚ್ಚು ತೂಕದ ಉಕ್ಕಿನ ಕೋಟೆ. ಇತ್ತ ಹಮೀದರ ಬಳಿ ಇದ್ದದ್ದು ಒಂದು ತೆರೆದ ಜೀಪು, ಅದರ ಮೇಲೆ ಕೂರಿಸಿದ ಫಿರಂಗಿ. ಜೀಪಿಗೆ ಕವಚವಿಲ್ಲ. ಒಂದು ಗುಂಡಿನ ಚೂರು ಬಂದರೂ ಸಾಕು. ಇನ್ನೊಂದು ತೊಂದರೆಯೆಂದರೆ, ಆ ಫಿರಂಗಿ ಹಾರಿಸಿದೊಡನೆ ಹಿಂಬದಿಯಿಂದ ಬೆಂಕಿ ಮತ್ತು ಧೂಳು ಚಿಮ್ಮುತ್ತದೆ. ಎಲ್ಲಿಂದ ಹೊಡೆದರೆಂದು ಶತ್ರುವಿಗೆ ಕೂಡಲೇ ತಿಳಿಯುತ್ತದೆ. ಆದ್ದರಿಂದ ಹೊಡೆದ ಮರುಗಳಿಗೆಯೇ ಜಾಗ ಬದಲಾಯಿಸಬೇಕು. ಬೆಳೆದು ನಿಂತ ಪೈರಿನ ಮರೆ ಒಂದೇ ರಕ್ಷಣೆ.

8ನೇ ತಾರೀಕಿನಿಂದ ಹಮೀದ್ ಹಾಗೆಯೇ ಕಾದಾಡಿದರು. ಮರೆಯಲ್ಲಿ ಕಾದು, ಟ್ಯಾಂಕು ಹತ್ತಿರ ಬರುವವರೆಗೆ ಉಸಿರು ಬಿಗಿಹಿಡಿದು, ಹೊಡೆದು, ಜಾಗ ಬದಲಿಸಿ, ಮತ್ತೆ ಕಾದು. 10ನೇ ತಾರೀಕು ಬೆಳಿಗ್ಗೆ ಭಾರೀ ದಾಳಿಯಾಯಿತು. ಟ್ಯಾಂಕುಗಳು ಮುಂಚೂಣಿಯ ಕಂಪನಿಗಳ ನಡುವೆಯೇ ನುಗ್ಗಿದವು. ಹಮೀದ್ ಶೆಲ್ಲುಗಳ ಮಳೆಯ ನಡುವೆ ಜೀಪನ್ನು ಪಕ್ಕಕ್ಕೆ ಕೊಂಡೊಯ್ದು ಮುಂದಿದ್ದ ಟ್ಯಾಂಕನ್ನು ಹೊಡೆದರು. ಜಾಗ ಬದಲಿಸಿ ಇನ್ನೊಂದನ್ನು ಹೊಡೆದರು. ಅಷ್ಟರಲ್ಲಿ ಶತ್ರುಗಳು ಅವರನ್ನು ಗುರುತಿಸಿದ್ದರು. ಎಲ್ಲ ಗುಂಡೂ ಆ ಒಂದು ಜೀಪಿನ ಮೇಲೆ ತಿರುಗಿತು. ಅವರು ಹಿಂದೆ ಸರಿಯದೆ ಮತ್ತೊಂದು ಟ್ಯಾಂಕಿಗೆ ಗುರಿಯಿಟ್ಟು ಹೊಡೆಯುತ್ತಿರುವಾಗಲೇ ಶೆಲ್ ಬಡಿದು ಕೊನೆಯುಸಿರೆಳೆದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಆಗ ಅವರ ವಯಸ್ಸು 32.

ಒಟ್ಟು ಎಷ್ಟು ಟ್ಯಾಂಕುಗಳು ಎಂಬುದಕ್ಕೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಲೆಕ್ಕವಿದೆ. ಏಳು ಎನ್ನುವವರಿದ್ದಾರೆ, ಎಂಟು ಎನ್ನುವವರಿದ್ದಾರೆ. ಆ ಕಾಳಗ ಒಬ್ಬರಿಂದಲೇ ಗೆದ್ದದ್ದೂ ಅಲ್ಲ. ಹೊಲಗಳಿಗೆ ನೀರು ಬಿಟ್ಟು ಟ್ಯಾಂಕುಗಳನ್ನು ಕೆಸರಿನಲ್ಲಿ ಹೂಳಿಸಿದ ಯೋಜನೆಯಿತ್ತು, ಭಾರತದ ಟ್ಯಾಂಕು ಪಡೆಗಳಿದ್ದವು, ಹೆಸರು ಉಳಿಯದ ಎಷ್ಟೋ ಸೈನಿಕರಿದ್ದರು. ಎದುರು ಪಕ್ಷದ 97 ಟ್ಯಾಂಕುಗಳು ನಾಶವಾದವು ಅಥವಾ ಕೈವಶವಾದವು ಎಂಬುದು ಭಾರತದ ಲೆಕ್ಕ. ಅವುಗಳನ್ನು ತಂದು ನಿಲ್ಲಿಸಿದ ಭಿಖಿವಿಂಡ್‌ನ ಬಯಲಿಗೆ ಜನ 'ಪ್ಯಾಟನ್ ನಗರ' ಎಂದೇ ಹೆಸರಿಟ್ಟರು. ಉಮ್ಮ ಇದನ್ನು ಕೇಳಿ, "ಆ ಟ್ಯಾಂಕಿನೊಳಗೂ ಯಾರದೋ ಮಕ್ಕಳಿದ್ದರಲ್ಲ" ಎಂದರು. ನಿಜ. ಯುದ್ಧವೆಂದರೆ ಎರಡೂ ಕಡೆಯ ತಾಯಂದಿರು ಅಳುವುದು. ತನ್ನ ನೆಲವನ್ನು ಕಾಯಲು ನಿಂತವನು ಆ ಅಳುವನ್ನು ಬಯಸಿದವನಲ್ಲ.

ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಸೆಪ್ಟೆಂಬರ್ 16ರಂದು, ಹಮೀದರಿಗೆ ಮರಣೋತ್ತರ ಪರಮವೀರ ಚಕ್ರ ಘೋಷಣೆಯಾಯಿತು. 23ರಂದು ಕದನ ವಿರಾಮವಾಯಿತು. 1966ರ ಜನವರಿ 26ರಂದು ದೆಹಲಿಯ ಗಣರಾಜ್ಯೋತ್ಸವದಲ್ಲಿ ರಾಷ್ಟ್ರಪತಿ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಕೈಯಿಂದ ರಸೂಲನ್ ಬೀಬಿ ಆ ಪದಕವನ್ನು ಸ್ವೀಕರಿಸಿದರು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ತಾಷ್ಕೆಂಟಿನಲ್ಲಿ ತೀರಿಕೊಂಡು ಹದಿನೈದು ದಿನಗಳಾಗಿದ್ದವಷ್ಟೆ. ದೇಶವೇ ದುಃಖದಲ್ಲಿತ್ತು. ಅಂತಹ ದಿನ, ಗಾಝಿಪುರದ ಹಳ್ಳಿಯೊಂದರ ಹೆಣ್ಣುಮಗಳು ಅಷ್ಟು ದೊಡ್ಡ ಜನಸಮೂಹದ ಎದುರು ನಡೆದು ಬಂದು ಗಂಡನ ಪದಕಕ್ಕೆ ಕೈಯೊಡ್ಡಿದರು.

ಆ ಪದಕದ ಬಗ್ಗೆ ಒಂದು ಮಾತು. ಅದು ಚಿನ್ನದ್ದಲ್ಲ, ಬೆಳ್ಳಿಯದೂ ಅಲ್ಲ. ಕಂಚಿನದು, ನೇರಳೆ ಬಣ್ಣದ ಪಟ್ಟಿ. ಅದನ್ನು ವಿನ್ಯಾಸ ಮಾಡಿದವರು ಒಬ್ಬ ಮಹಿಳೆ, ಸಾವಿತ್ರಿ ಖಾನೋಲ್ಕರ್. ಯುರೋಪಿನಲ್ಲಿ ಹುಟ್ಟಿ, ಭಾರತದ ಸೇನಾಧಿಕಾರಿಯೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದವರು. ಇದುವರೆಗೆ 21 ಮಂದಿಗೆ ಮಾತ್ರ ಈ ಪದಕ ಸಿಕ್ಕಿದೆ. ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ. ಅಂದರೆ ಹೆಚ್ಚಿನ ಸಲ ಅದನ್ನು ಪಡೆಯಲು ಮುಂದೆ ಬಂದ ಕೈ ಒಬ್ಬ ತಾಯಿಯದು, ತಂದೆಯದು ಅಥವಾ ಹೆಂಡತಿಯದು.

ಇಲ್ಲಿಗೆ ನಮ್ಮ ಭಾಷಣಗಳು ಮುಗಿಯುತ್ತವೆ. ಚಪ್ಪಾಳೆ ಬೀಳುತ್ತದೆ. ಉಮ್ಮನ ಪ್ರಶ್ನೆ ಆರಂಭವಾಗುವುದೇ ಇಲ್ಲಿಂದ.

ಪದಕ ಹಿಡಿದು ರಸೂಲನ್ ಬೀಬಿ ಮರಳಿದ್ದು ಅದೇ ಮನೆಗೆ. ಐದು ಮಕ್ಕಳು. ಗಂಡನ ಕಬರ್ ಕೂಡ ಹತ್ತಿರದಲ್ಲಿಲ್ಲ. ಹಮೀದರನ್ನು ದಫನ ಮಾಡಿದ್ದು ಅವರು ಮಡಿದ ಅಸಲ್ ಉತ್ತರ್‌ನ ನೆಲದಲ್ಲೇ, ಧಾಮುಪುರದಿಂದ ಸಾವಿರ ಕಿಲೋಮೀಟರಿಗೂ ದೂರ. ಮನಸ್ಸು ಭಾರವಾದಾಗ ಹೋಗಿ ನಿಂತು ಫಾತಿಹಾ ಓದಿ ಬರುವಂತಿರಲಿಲ್ಲ. 1966ರಿಂದ ಐವತ್ತಕ್ಕೂ ಹೆಚ್ಚು ವರ್ಷ ಅವರು ಬದುಕಿದರು. ಆ ಕಾಳಗ ನಡೆದದ್ದು ಮೂರು ದಿನ. ಅದರ ಬೆಲೆಯನ್ನು ಆ ಮನೆ ತೆತ್ತದ್ದು ಅರ್ಧ ಶತಮಾನ. ಮಕ್ಕಳ ಜ್ವರ, ಶಾಲೆ, ಮಗಳ ಮದುವೆ, ಗಂಡುಮಕ್ಕಳ ಉದ್ಯೋಗ, ಮೊಮ್ಮಕ್ಕಳು. ಇದಕ್ಕೆಲ್ಲ ಪದಕವಿಲ್ಲ.

ಅವರು ಮೂಲೆಯಲ್ಲಿ ಕುಳಿತು ಅತ್ತು ಕಾಲ ಕಳೆದವರೂ ಅಲ್ಲ. 2008ರಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರನ್ನು ಭೇಟಿಯಾಗಿ, ಊರಿನಲ್ಲಿ ಗಂಡನ ಸ್ಮಾರಕವಾಗಬೇಕು, ಅವರ ಹುತಾತ್ಮ ದಿನವನ್ನು ದೇಶಮಟ್ಟದಲ್ಲಿ ಆಚರಿಸಬೇಕು, ಮೊಮ್ಮಕ್ಕಳಿಗೆ ಉದ್ಯೋಗಕ್ಕೆ ನೆರವಾಗಬೇಕು ಎಂದು ಕೇಳಿದರು. ನೋಡಿ, ಈ ಬೇಡಿಕೆಗಳಲ್ಲಿ ಎರಡು ಗಂಡನ ನೆನಪಿಗಾಗಿ, ಒಂದು ಗಂಡನ ಮನೆಗಾಗಿ. ಪರಮವೀರ ಚಕ್ರದ ಮನೆಯವರೂ ಮೊಮ್ಮಕ್ಕಳ ಉದ್ಯೋಗಕ್ಕಾಗಿ ಮನವಿ ಮಾಡಬೇಕಾಯಿತು ಎಂಬುದನ್ನು ಓದುವಾಗ ನನಗೆ ನೋವಾಯಿತು. ಆದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮನೆ ನಡೆಸುವ ಹೆಂಗಸು ಕೇಳಬೇಕಾದುದನ್ನು ಕೇಳಬೇಕಾದವರ ಬಳಿ ಕೇಳಿದರು.

2017ರಲ್ಲಿ, ಇಳಿವಯಸ್ಸಿನಲ್ಲಿ, ದೆಹಲಿಗೆ ಹೋಗಿ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರನ್ನು ಭೇಟಿಯಾದರು. ತಾನು ಕಣ್ಣುಮುಚ್ಚುವ ಮುನ್ನ ಒಮ್ಮೆ ನಮ್ಮ ಊರಿಗೆ ಬನ್ನಿ ಎಂಬುದು ಅವರ ಕೋರಿಕೆ. ಆ ವರ್ಷ ಸೆಪ್ಟೆಂಬರ್ 10ರಂದು ಜನರಲ್ ರಾವತ್ ಧಾಮುಪುರಕ್ಕೆ ಬಂದು ಸ್ಮಾರಕದಲ್ಲಿ ಗೌರವ ಸಲ್ಲಿಸಿದರು. ಹಗ್ಗ ಕಡಿದ ದಿನ ಆ ಮನೆಯಿಂದ ಒಬ್ಬ ಹವಾಲ್ದಾರ್ ಸೈಕಲ್ಲಿನಲ್ಲಿ ಹೊರಟುಹೋಗಿದ್ದರು. 52 ವರ್ಷಗಳ ನಂತರ ಸೇನೆಯ ಅತ್ಯುನ್ನತ ಅಧಿಕಾರಿಯನ್ನು ಅದೇ ಊರಿಗೆ ಕರೆಸಿಕೊಂಡದ್ದು ಅವರ ಪತ್ನಿಯ ಒಂದು ಮಾತು. 2019ರ ಆಗಸ್ಟಿನಲ್ಲಿ ರಸೂಲನ್ ಬೀಬಿ ತೀರಿಕೊಂಡರು. ಅಲ್ಲಾಹನು ಅವರ ಕಬರನ್ನು ಬೆಳಗಿಸಲಿ.

ಸಹೋದರಿಯರೇ, ಹಮೀದರ ಹೆಸರು ಮರೆತುಹೋಗಿಲ್ಲ. 1988ರಲ್ಲಿ ಚೇತನ್ ಆನಂದ್ ಅವರು ದೂರದರ್ಶನಕ್ಕಾಗಿ ತೆಗೆದ 'ಪರಮವೀರ ಚಕ್ರ' ಧಾರಾವಾಹಿಯಲ್ಲಿ ನಸೀರುದ್ದೀನ್ ಶಾ ಅವರ ಪಾತ್ರ ಮಾಡಿದ್ದರು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2000ದಲ್ಲಿ ಅಂಚೆ ಚೀಟಿ ಬಂತು. 2024ರಲ್ಲಿ ಎನ್.ಸಿ.ಇ.ಆರ್.ಟಿ.ಯ 6ನೇ ತರಗತಿಗೆ 'ವೀರ ಅಬ್ದುಲ್ ಹಮೀದ್' ಎಂಬ ಪಾಠ ಸೇರಿತು. ಆದರೆ 2025ರ ಫೆಬ್ರವರಿಯಲ್ಲಿ ಅವರ ಸ್ವಂತ ಊರಿನ ಶಾಲೆಗೆ ಬಣ್ಣ ಬಳಿದಾಗ ಬಾಗಿಲ ಮೇಲಿದ್ದ ಅವರ ಹೆಸರು ಹೋಗಿ ಯೋಜನೆಯೊಂದರ ಹೆಸರು ಬಂದಿತ್ತು. ಕುಟುಂಬದವರು ಆಕ್ಷೇಪಿಸಿದರು, ಸುದ್ದಿಯಾಯಿತು, ಹೆಸರನ್ನು ಮತ್ತೆ ಬರೆಯಲಾಯಿತು. ಒಂದು ಕಡೆ ದೇಶದ ಮಕ್ಕಳ ಪಠ್ಯದಲ್ಲಿ ಹೆಸರು, ಇನ್ನೊಂದು ಕಡೆ ಸ್ವಂತ ಊರಿನ ಗೋಡೆಯಲ್ಲಿ ಒಂದು ಡಬ್ಬಿ ಬಣ್ಣಕ್ಕೆ ಅಳಿಯುವ ಹೆಸರು. ಗೋಡೆಯ ಮೇಲಿನ ನೆನಪನ್ನು ಯಾರಾದರೂ ಕಾವಲು ಕಾಯುತ್ತಲೇ ಇರಬೇಕು. ಕಾದವರು ಮತ್ತೆ ಅದೇ ಮನೆಯವರು.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ. ಆ ಹುಡುಗಿ ಕೇಳಿದಾಗ ನಾನು ಹಮೀದರ ಹೆಸರನ್ನು ಹೇಗೆ ಕೊಟ್ಟೆ? ಪೆಟ್ಟಿಗೆಯ ಅಡಿಯಿಂದ ಜನನ ಪ್ರಮಾಣಪತ್ರ ತೆಗೆದುಕೊಟ್ಟ ಹಾಗೆ ಕೊಟ್ಟೆ. ಯಾರಾದರೂ ನಮ್ಮ ನಿಷ್ಠೆಯನ್ನು ಪ್ರಶ್ನಿಸಿದರೆ ತೋರಿಸು, ಆಮೇಲೆ ಮಡಚಿ ಒಳಗಿಡು ಎಂಬಂತೆ. ನಾವು ಅನೇಕರು ಹೀಗೆಯೇ ಮಾಡುತ್ತೇವೆ. ಕೇಳಿದವರ ಬಾಯಿ ಮುಚ್ಚಿಸಲು ಅವರ ಹೆಸರು ಬೇಕು. ಅವರ ಬದುಕು ನಮಗೆ ಬೇಕಾಗಿಲ್ಲ.

ಹಮೀದ್ ಯಾರ ಪ್ರಶ್ನೆಗೆ ಉತ್ತರವಾಗಿಯೂ ಆ ಜೀಪು ಹತ್ತಿದವರಲ್ಲ. ತನ್ನ ಮೇಲೆ ಹೊರಿಸಿದ ಕೆಲಸವನ್ನು ಪೂರ್ತಿ ಮಾಡುವ ಮನುಷ್ಯ ಅವರು. ಹೊಲಿಗೆಯೆಂದರೆ ಹೊಲಿಗೆ, ರೇಷನ್ ಲೆಕ್ಕವೆಂದರೆ ಲೆಕ್ಕ, ಫಿರಂಗಿಯೆಂದರೆ ಫಿರಂಗಿ. ಹಿಂದೆ ಇದ್ದವರು ತನ್ನವರು, ಅವರನ್ನು ಬಿಟ್ಟು ಸರಿಯಬಾರದು, ಅಷ್ಟೆ. ಮನೆಯನ್ನು ಪ್ರೀತಿಸುವವನಿಗೆ ಮಾತ್ರ 'ಹಿಂದೆ ಇದ್ದವರು' ಎಂದರೆ ಏನೆಂದು ತಿಳಿಯುತ್ತದೆ. ಕಂಪನಿಯವರಿಗೆ ಕಂಬಳಿ ಸಾಕೇ ಎಂದು ಎಣಿಸುವ ಕೈಯೂ ಟ್ಯಾಂಕಿಗೆ ಗುರಿಯಿಟ್ಟ ಕೈಯೂ ಒಂದೇ. ನಾವು ಎರಡನೆಯದನ್ನು ಮಾತ್ರ ಮಕ್ಕಳಿಗೆ ತೋರಿಸಿದರೆ, ಧೈರ್ಯವೆಂದರೆ ಹೊಡೆಯುವುದು ಎಂದು ಅವರು ತಿಳಿಯುತ್ತಾರೆ. ಮೊದಲನೆಯದನ್ನೂ ತೋರಿಸಿದರೆ, ಧೈರ್ಯವೆಂದರೆ ಕಾಯುವುದು ಎಂದು ಕಲಿಯುತ್ತಾರೆ.

ನಮ್ಮ ಊರುಗಳಲ್ಲೂ ಸೈನ್ಯದಿಂದ ನಿವೃತ್ತರಾಗಿ ಬಂದ ಅಜ್ಜಂದಿರಿದ್ದಾರೆ. ಮಸೀದಿಯ ಮೊದಲ ಸಾಲಿನಲ್ಲಿ ನೆಟ್ಟಗೆ ನಿಲ್ಲುವವರು, ಮನೆಯಲ್ಲಿ ಮೊಮ್ಮಕ್ಕಳ ಬೂಟಿಗೆ ತಾವೇ ಪಾಲಿಶ್ ಹಚ್ಚುವವರು. ಅವರನ್ನು ಮಕ್ಕಳ ಎದುರು ಕೂರಿಸಿ ಮಾತಾಡಿಸಿ. ಅವರ ಪಕ್ಕದಲ್ಲಿ ಮೌನವಾಗಿ ಕುಳಿತ ಅಜ್ಜಿಯನ್ನು ಮರೆಯಬೇಡಿ. "ಅಜ್ಜ ಗಡಿಯಲ್ಲಿದ್ದಾಗ ನೀವು ಏನು ಮಾಡುತ್ತಿದ್ದಿರಿ?" ಎಂದು ಒಮ್ಮೆ ಕೇಳಿ ನೋಡಿ. ಅಜ್ಜನ ಕಥೆಗಿಂತ ಉದ್ದದ ಕಥೆ ಅಲ್ಲಿರುತ್ತದೆ. ಅದನ್ನು ಯಾರೂ ಕೇಳಿರುವುದಿಲ್ಲ, ಆದ್ದರಿಂದ ಅವರೂ ಹೇಳಿರುವುದಿಲ್ಲ.

ಸ್ವಾತಂತ್ರ್ಯೋತ್ಸವದ ಹಿಂದಿನ ದಿನ ಆ ಹುಡುಗಿಯನ್ನು ಮತ್ತೆ ಕರೆದೆ. ನೋಟ್ ಪುಸ್ತಕದ ಹಿಂದಿನ ಪುಟ ತೆಗೆಯಲು ಹೇಳಿದೆ. ಅಬ್ದುಲ್ ಹಮೀದ್ ಎಂಬ ಹೆಸರಿನ ಕೆಳಗೆ ಇನ್ನೂ ಮೂರು ಹೆಸರು ಬರೆಸಿದೆ: ಮುಹಮ್ಮದ್ ಉಸ್ಮಾನ್, ಸಕೀನಾ ಬೇಗಂ, ರಸೂಲನ್ ಬೀಬಿ. ಇವರು ಯಾರು ಟೀಚರ್ ಎಂದು ಕೇಳಿದಳು. ಕೂತು ಎಲ್ಲವನ್ನೂ ಹೇಳಿದೆ. ಕಡಿದ ಹಗ್ಗದ ಬಳಿ ಬಂದಾಗ ಅವಳ ಕಣ್ಣು ತುಂಬಿತು. ಕೊನೆಗೆ ಅವಳು ಕೇಳಿದ ಪ್ರಶ್ನೆ ಬಸ್ಸಿನದಾಗಿರಲಿಲ್ಲ. "ಟೀಚರ್, ಅವರ ಮಕ್ಕಳಿಗೆ ಅಪ್ಪನ ಮುಖ ನೆನಪಿತ್ತಾ?"

ಉಮ್ಮನ ಪ್ರಶ್ನೆಯ ಜಾತಿಗೆ ಸೇರಿದ ಪ್ರಶ್ನೆ ಅದು. ಮರುದಿನ ಅವಳು ಭಾಷಣದಲ್ಲಿ ಟ್ಯಾಂಕಿನ ಬಗ್ಗೆ ಎರಡೇ ವಾಕ್ಯ ಹೇಳಿದಳು. ಉಳಿದುದೆಲ್ಲ ಆ ಮನೆಯ ಬಗ್ಗೆ. ಚಪ್ಪಾಳೆ ಸ್ವಲ್ಪ ಕಡಿಮೆಯೇ ಬಿತ್ತು. ಆದರೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಂದಿರಲ್ಲಿ ಕೆಲವರು ಸೆರಗಿನ ಅಂಚಿನಿಂದ ಕಣ್ಣೊರಸಿಕೊಂಡದ್ದನ್ನು ನಾನು ನೋಡಿದೆ.

ದೂರದಲ್ಲಿ ದುಡಿಯುವ ನಮ್ಮೆಲ್ಲರ ಮನೆಯವರನ್ನು ಅಲ್ಲಾಹನು ಕ್ಷೇಮವಾಗಿ ಮರಳಿಸಲಿ. ಮರಳದೆ ಹೋದವರ ಮನೆಗಳಿಗೆ ಸಹನೆಯನ್ನೂ, ಕೈಹಿಡಿಯುವ ನೆರೆಹೊರೆಯನ್ನೂ ಕೊಡಲಿ. ಆಮೀನ್.